ಮೇದಾನ್‌ನ ದೊಡ್ಡ ರಾತ್ರಿಯೋ, ಅಬುಧಾಬಿಯ ಪುಗಸಟ್ಟೆ ಸಂಜೆಯೋ?

ದುಬೈನ ಮೇದಾನ್ ರೇಸ್‌ಕೋರ್ಸ್‌ಗೆ 600 ದಿರ್ಹಂ ಕೊಟ್ಟು ಟಿಕೆಟ್ ತಗೊಂಡು, ನೋಡಬೇಕೆಂದಿದ್ದ ಒಂದೇ ಒಂದು ಕುದುರೆ ಓಟವನ್ನು ತಪ್ಪಿಸಿಕೊಂಡವನು ನಾನು. ಹಾಗಾಗಿ ಮೇದಾನ್, ಅಬುಧಾಬಿ ರೇಸುಗಳ ಈ ಹೋಲಿಕೆಯಲ್ಲಿ ನ್ಯಾಯ ಹುಡುಕಬೇಡಿ. ನನ್ನ ಮತ ಅಬುಧಾಬಿಗೇ.

ನನ್ನೂರು ಕುಣಿಗಲ್. ಟಿಪ್ಪು ಕಾಲದ ಕುದುರೆ ಫಾರಂ ಇರುವ ಊರು. ಕುದುರೆ ಹುಚ್ಚು ಅಲ್ಲಿಂದಲೇ ಹತ್ತಿದ್ದು. ಈಗ ಅಬುಧಾಬಿಯ ಮುಸಫ್ಫಾದ ಒಂದು ಗ್ಯಾರೇಜಿನಲ್ಲಿ ಲೆಕ್ಕ ಬರೆಯುತ್ತೇನೆ. ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಓಡುವುದು ಥರೋಬ್ರೆಡ್ ಅನ್ನುವ ರೇಸ್ ತಳಿ, ಅಪ್ಪಟ ಅರಬ್ ಕುದುರೆಯ ಓಟವೇ ಬೇರೆ ಎಂದು ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಥರೋಬ್ರೆಡ್ ವಂಶ ಶುರುವಾಗುವುದು ಮೂರು ಗಂಡು ಕುದುರೆಗಳಿಂದ: ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್, ಬೈಯರ್ಲಿ ಟರ್ಕ್. ಮೂರೂ ಈ ಕಡೆಯಿಂದ ಇಂಗ್ಲೆಂಡಿಗೆ ಹೋದವು. ಮರಿಮಕ್ಕಳನ್ನು ಬೆಂಗಳೂರಲ್ಲಿ ನೋಡಿದ್ದಾಯಿತು, ಅಜ್ಜನ ಮನೆಯವರನ್ನೂ ನೋಡೋಣ ಅಂತ ಆಸೆಯಾಯಿತು.

ದುಬೈ ವರ್ಲ್ಡ್ ಕಪ್ ರಾತ್ರಿ ಮೇದಾನ್‌ನಲ್ಲಿ ಒಂಬತ್ತು ಓಟ. ಅದರಲ್ಲಿ ಅರಬ್ ಕುದುರೆಗಳಿಗೆ ಒಂದೇ, ದುಬೈ ಕಹೈಲಾ ಕ್ಲಾಸಿಕ್. ಬಹುಮಾನ 10 ಲಕ್ಷ ಡಾಲರ್. ಕೊನೆಯ ಮುಖ್ಯ ಓಟ ಥರೋಬ್ರೆಡ್‌ಗಳದ್ದು, ಅದಕ್ಕೆ 1.2 ಕೋಟಿ ಡಾಲರ್. ಎರಡೂ 2000 ಮೀಟರ್, ಎರಡೂ ಮಣ್ಣಿನ ಟ್ರ್ಯಾಕಿನಲ್ಲೇ. ಒಂದೇ ದಿನ ಎರಡನ್ನೂ ನೋಡಿ ತಾಳೆ ಹಾಕಬಹುದಲ್ವಾ ಎಂದು ರೂಮಿನವರ ಮುಂದೆ ಭಾಷಣ ಬಿಗಿದು, ಪರಿಚಯದ ಏಜೆಂಟ್ ಒಬ್ಬನ ಕೈಯಿಂದ ಟಿಕೆಟ್ ತಗೊಂಡೆ.

ಕಹೈಲಾ ಅವತ್ತಿನ ಮೊದಲ ಓಟ, ಇನ್ನೂ ಬಿಸಿಲಿರುವಾಗಲೇ ಮುಗಿದುಹೋಗುತ್ತದೆ. ಇದು ನನ್ನ ತಲೆಗೆ ಹೋಗಿರಲಿಲ್ಲ. ದೊಡ್ಡ ರಾತ್ರಿ ಅಂದ ಮೇಲೆ ರಾತ್ರಿಯೇ ಅಂದುಕೊಂಡಿದ್ದೆ. ಹನ್ನೆರಡೂವರೆಗೆ ಊಟ ಮುಗಿಸಿ, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಆರಾಮಾಗಿ ಹೊರಟೆ. ದುಬೈನ ಇಬ್ನ್ ಬತೂತಾ ತನಕ ಬಸ್. ಅಲ್ಲಿಂದ ಮೆಟ್ರೋ. ಆದರೆ ಮೇದಾನ್ ಬಾಗಿಲಿಗೆ ಮೆಟ್ರೋ ಇಲ್ಲ. ಬಿಸಿನೆಸ್ ಬೇಯಲ್ಲಿ ಇಳಿದು ಟ್ಯಾಕ್ಸಿ ಹಿಡಿಯಬೇಕು. ಅವತ್ತು ನನ್ನ ಹಾಗೆ ಇಳಿದವರು ಎಷ್ಟು ಜನ! ಕೊನೆಗೂ ಸಿಕ್ಕ ಟ್ಯಾಕ್ಸಿ ರಸ್ತೆಯಲ್ಲಿ ನಿಂತೇಬಿಟ್ಟಿತು. ಪೇಶಾವರದ ಡ್ರೈವರ್, 'ಭಾಯ್, ನಡೆದರೆ ಬೇಗ ಹೋಗ್ತೀರಿ' ಅಂದ. ನಡೆದೆ. ಹೊಸ ಶೂ ಬೇರೆ.

ಗೇಟಿಗೆ ಬಂದರೆ, ನನ್ನ ಟಿಕೆಟ್‌ನ ಗೇಟು ಅದಲ್ಲವಂತೆ. ಏಜೆಂಟ್ ಹೇಳಿದ್ದೇ ಬೇರೆ, ಟಿಕೆಟ್‌ನಲ್ಲಿ ಇದ್ದದ್ದೇ ಬೇರೆ. ಮೇದಾನ್‌ನ ಸ್ಟ್ಯಾಂಡ್ ಒಂದು ಮೈಲಿಗಿಂತ ಉದ್ದ ಎಂದು ಎಲ್ಲೋ ಓದಿ ಬೆರಗಾಗಿದ್ದೆ. ಅದರ ಆ ತುದಿಯಿಂದ ಈ ತುದಿಗೆ ನಡೆಯುವಾಗ ಬೆರಗು ಇಳಿದುಹೋಯಿತು. ಅರ್ಧ ದಾರಿಯಲ್ಲಿರುವಾಗ ಗೋಡೆಯಾಚೆ ಹೋ ಎಂಬ ಗದ್ದಲ. ಕಹೈಲಾ ಮುಗಿದಿತ್ತು. ನಾನು ಒಳಗೆ ಕಾಲಿಟ್ಟಾಗ ಗೆದ್ದ ಕುದುರೆಯ ಬಾಲವೂ ಕಾಣಲಿಲ್ಲ. ಆಮೇಲೆ ಎಂಟು ಓಟ ನೋಡಿದೆ, ಪಟಾಕಿ ನೋಡಿದೆ, ಬಗೆಬಗೆ ಟೋಪಿ ತೊಟ್ಟು ಬಂದವರ ಮೆರವಣಿಗೆಯನ್ನೂ ನೋಡಿದೆ. ಚೆನ್ನಾಗಿಯೇ ಇತ್ತು ಅನ್ನಿ. ರೂಮು ಸೇರಿದಾಗ ರಾತ್ರಿ ಎರಡು ಗಂಟೆ, ಹಿಮ್ಮಡಿಯಲ್ಲಿ ಬೊಬ್ಬೆ.

ಮೇದಾನ್‌ನಲ್ಲಿ ಸಾಮಾನ್ಯ ದಿನಗಳಲ್ಲಿ ಸಾರ್ವಜನಿಕರ ಜಾಗಕ್ಕೆ ದುಡ್ಡಿಲ್ಲ, ನಿಜ. ಆದರೆ ಆ ದಿನಗಳಲ್ಲೂ ಅರಬ್ ಓಟ ಅಂದರೆ ಹೆಚ್ಚಾಗಿ ಶುರುವಿನ ಒಂದೇ. ಊಟಕ್ಕೆ ಮುಂಚೆ ಉಪ್ಪಿನಕಾಯಿ ಬಡಿಸಿದ ಹಾಗೆ.

ಅಬುಧಾಬಿ ಟರ್ಫ್ ಕ್ಲಬ್‌ನಲ್ಲಿ (ಮೊದಲು ಇಕ್ವೆಸ್ಟ್ರಿಯನ್ ಕ್ಲಬ್ ಅನ್ನುತ್ತಿದ್ದರು) ಇದು ತಿರುಗುಮುರುಗು. ಅಲ್ಲಿ ಹೆಚ್ಚಿನ ಓಟಗಳು ಅರಬ್ ಕುದುರೆಗಳದ್ದೇ. ಊರೊಳಗೇ ಅಲ್ ಮುಶ್ರಿಫ್‌ನಲ್ಲಿದೆ. ಬಸ್ಸಿನಲ್ಲಿ ಹಫಿಲಾತ್ ಕಾರ್ಡ್ ಒತ್ತಿದರೆ ಮುಗಿಯಿತು. ಪ್ರವೇಶ ಪುಕ್ಕಟೆ. ನನಗೆ ಖರ್ಚಾಗುವುದು ಬಸ್ ಚಾರ್ಜು ಮತ್ತು ಎರಡು ಕರಕ್ ಚಹಾ. ಹುಲ್ಲಿನ ಟ್ರ್ಯಾಕು, ಮೇಲೆ ದೀಪ. ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತಾಡಿಸುವ ಜಾಗದ ಕಟಕಟೆಗೆ ಒರಗಿ ನಿಲ್ಲಬಹುದು. ಮೂಗಿನ ಹೊಳ್ಳೆ ಅಗಲವಾಗುವುದೂ ಕಾಣುತ್ತದೆ. ಓಡುವಾಗ ಬಾಲ ಬಾವುಟದ ಹಾಗೆ ಮೇಲೆತ್ತಿರುತ್ತವೆ. ಒಂದೇ ತಾಪತ್ರಯ, ಬೂದು ಬಣ್ಣದವು ಜಾಸ್ತಿ. ನಾಲ್ಕೈದು ಬೂದು ಕುದುರೆ ಒಟ್ಟಿಗೆ ತಿರುಗಿದರೆ ಜಾಕಿಯ ಅಂಗಿ ನೋಡಿಯೇ ಗುರುತು ಹಿಡಿಯಬೇಕು.

ಅರಬ್ ಕುದುರೆಗಳು ನಿಧಾನ ಎಂದು ನನ್ನ ರೂಮಿನ ತ್ರಿಶೂರಿನವನು ಗೇಲಿ ಮಾಡುತ್ತಾನೆ. ಸುಳ್ಳಲ್ಲ. 2000 ಮೀಟರಿಗೆ ಥರೋಬ್ರೆಡ್‌ಗಿಂತ ಸುಮಾರು ಹತ್ತು ಸೆಕೆಂಡು ಜಾಸ್ತಿ ಬೇಕು. ಆದರೆ ನೋಡುವವನಿಗೆ ಆ ಹತ್ತು ಸೆಕೆಂಡು ಲಾಭವೇ. ಥರೋಬ್ರೆಡ್‌ಗಳನ್ನು ಎರಡು ವರ್ಷಕ್ಕೇ ಓಟಕ್ಕಿಳಿಸುತ್ತಾರೆ. ಅರಬ್ ಕುದುರೆಗಳನ್ನು ಮೂರಾದ ಮೇಲೆಯೇ. ಅವು ಆಮೇಲೆ ಎಷ್ಟೋ ವರ್ಷ ಓಡುತ್ತವೆ, ಹಾಗಾಗಿ ಹೋದ ವರ್ಷ ಇಷ್ಟವಾದದ್ದು ಈ ವರ್ಷವೂ ಸಿಗುತ್ತದೆ. ಶೇಖ್‌ಗಳ ಲಾಯದ ಕುದುರೆಗಳ ಮುಂದೆ ಸಣ್ಣ ಮಾಲೀಕರು ಏಗಲಾರರು ಅಂತ ಅವರಿಗೇ ಮೀಸಲಾದ ವತ್ಬಾ ಸ್ಟಾಲಿಯನ್ಸ್ ಕಪ್ ಓಟಗಳೂ ಇವೆ. ನನಗೆ ಅವೇ ಇಷ್ಟ. ಗೆದ್ದಾಗ ಮಾಲೀಕನ ಮನೆಮಂದಿಯೆಲ್ಲ ಟ್ರ್ಯಾಕಿನತ್ತ ಓಡಿಬರುತ್ತಾರೆ.

ಅಲ್ ಐನ್‌ನಲ್ಲೂ ಅರಬ್ ಓಟ ಚೆನ್ನಾಗಿ ನಡೆಯುತ್ತದೆ, ಮಣ್ಣಿನ ಟ್ರ್ಯಾಕು. ಒಂದೂವರೆ ಗಂಟೆ ದಾರಿ. ಕಾರಿದ್ದರೆ ಹೋಗಿ. ದುಬೈನ ಜೆಬೆಲ್ ಅಲಿ ಟ್ರ್ಯಾಕಿನ ಕೊನೆಯಲ್ಲಿ ಏರು ಇದೆ, ಮಜವಾಗಿರುತ್ತದೆ, ಆದರೆ ಅಲ್ಲಿ ಥರೋಬ್ರೆಡ್‌ಗಳದ್ದೇ ದರ್ಬಾರು.

ಬೆಟ್ಟಿಂಗ್ ಈ ಮೈದಾನಗಳಲ್ಲಿ ಎಲ್ಲೂ ಇಲ್ಲ. ಬೆಂಗಳೂರಲ್ಲಿ ನಮ್ಮ ಮಾವ ರೇಸಿಗೆ ಹೋದರೆ ಅತ್ತೆ ಮುಖ ಊದಿಸಿಕೊಳ್ಳುತ್ತಿದ್ದರು. ಇಲ್ಲಿಂದ ನಾನು ಮನೆಗೆ ವಿಡಿಯೋ ಕಾಲ್ ಮಾಡಿ ಕುದುರೆ ತೋರಿಸುತ್ತೇನೆ, ಯಾರೂ ಏನೂ ಅನ್ನುವುದಿಲ್ಲ.

ಸಂಬಳ ಜಾಸ್ತಿಯಿದ್ದು, ಸೂಟು ಹಾಕಿ ಫೋಟೋ ತೆಗೆಸಿಕೊಳ್ಳುವ ಆಸೆಯಿದ್ದರೆ ಮೇದಾನ್‌ನ ದೊಡ್ಡ ರಾತ್ರಿಗೆ ಒಮ್ಮೆ ಹೋಗಿ. ಮಧ್ಯಾಹ್ನದ ಊಟ ಅಲ್ಲೇ ಮಾಡುವಷ್ಟು ಬೇಗ ಹೋಗಿ. ತಿಂಗಳ ಕೊನೆಗೆ ಊರಿಗೆ ದುಡ್ಡು ಕಳಿಸುವ ನನ್ನಂಥವನಿಗೆ 600 ದಿರ್ಹಂ ಅಂದರೆ ಮಗಳ ಸ್ಕೂಲ್ ಬಸ್ಸಿನ ದುಡ್ಡು. ಅಬುಧಾಬಿಗೆ ಹೋಗುವವರು ಒಂದು ಜಾಕೆಟ್ ಮಾತ್ರ ಮರೆಯಬೇಡಿ, ಜನವರಿಯಲ್ಲಿ ಕೊನೆಯ ಓಟದ ಹೊತ್ತಿಗೆ ಚೆನ್ನಾಗಿ ಚಳಿ ಹತ್ತುತ್ತದೆ.