ಶುಗರ್ ಮಷೀನು: ನಾಲ್ಕು ತಿಂಗಳ ಲೆಕ್ಕ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯೋನು ನಾನು. ಮಾರ್ಚ್‌ನಲ್ಲಿ ಎಚ್‌ಬಿಎ1ಸಿ, ಅಂದ್ರೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತಪರೀಕ್ಷೆ, 6.1 ಬಂತು. 5.7ರಿಂದ 6.4ರ ತನಕ ಶುಗರ್ ಹೊಸ್ತಿಲಲ್ಲಿ ನಿಂತಿದೆ ಅಂತ ಲೆಕ್ಕವಂತೆ. "ಮಾತ್ರೆ ಬೇಡ, ಊಟ ಸರಿಮಾಡ್ಕೊಳ್ಳಿ" ಅಂದ್ರು ಡಾಕ್ಟರು. ಅವತ್ತೇ ಕೋಲಾರದ ಮೆಡಿಕಲ್ ಸ್ಟೋರಿನಲ್ಲಿ ಬೆರಳು ಚುಚ್ಚಿ ಶುಗರ್ ನೋಡೋ ಈ ಮಷೀನು ತಗೊಂಡೆ. ರಕ್ತದ ಹನಿ ಹಿಡಿಯೋ 25 ಸ್ಟ್ರಿಪ್ ಸೇರಿ 950 ರೂಪಾಯಿ.

ಮಷೀನು ಅಗ್ಗ, ಸ್ಟ್ರಿಪ್ಪೇ ದುಬಾರಿ. ಒಂದಕ್ಕೆ 18 ರೂಪಾಯಿ ಬೀಳುತ್ತೆ. ರಕ್ತ ಸ್ವಲ್ಪ ಸಾಲದಿದ್ರೂ ‘ಎರರ್’ ತೋರಿಸಿ ಸ್ಟ್ರಿಪ್ ದಂಡ ಮಾಡುತ್ತೆ. ಹಾಗೇ ಏಳು ಹಾಳಾಯ್ತು. ಬೆರಳ ತುದಿಗೆ ಚುಚ್ಚದೆ ಪಕ್ಕಕ್ಕೆ ಚುಚ್ಚಿದರೆ ಪೆನ್ನು ಹಿಡಿದಾಗ ನೋಯಲ್ಲ.

ಮೇ ತಿಂಗಳಲ್ಲಿ ಒಂದಿನ ಬೇನಿಷಾ ಮಾವು ಕೊಯ್ದ ಕೈಯನ್ನ ಪಂಚೆಗೆ ಒರೆಸಿಕೊಂಡು ಚುಚ್ಚಿದೆ. 286! ಹಣ್ಣು ಬಾಯಿಗೇ ಹಾಕಿರಲಿಲ್ಲ. ಎದೆ ಧಸಕ್ಕಂತು. "ಮೊದ್ಲು ಕೈ ತೊಳೀರೀ" ಅಂದಳು ನಮ್ಮನೆಯವಳು. ಸೋಪು ಹಾಕಿ ತೊಳೆದು, ಒರೆಸಿ, ಇನ್ನೊಂದು ಬೆರಳು ಚುಚ್ಚಿದರೆ 117. ಬೆರಳಿಗಂಟಿದ್ದ ರಸದ ಸಕ್ಕರೆಯನ್ನೂ ನನ್ನ ರಕ್ತದ ಖಾತೆಗೇ ಬರೆದುಬಿಟ್ಟಿತ್ತು. ನಾನು ಹಾಗೆ ಬರೆದಿದ್ರೆ ಸಾಹುಕಾರ್ರು ಅವತ್ತೇ ಮನೆಗೆ ಕಳಿಸ್ತಿದ್ರು.

ಆದರೂ ದುಡ್ಡು ದಂಡ ಅನ್ನಲ್ಲ. ರಾಗಿ ತಿಂದೋರಿಗೆ ಶುಗರ್ ಏರಲ್ಲ ಅಂತ ನಮ್ಮ ಸೀಮೆಯಲ್ಲಿ ಎಲ್ಲರೂ ಹೇಳೋದೇ. ನಾನೂ ಅದನ್ನೇ ನಂಬಿ ರಾತ್ರಿ ಎರಡು ಮುದ್ದೆ ಇಳಿಸ್ತಿದ್ದೆ. ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ ನೋಡಿದರೆ 171. ಮಾರನೇ ದಿನ ಅದೇ ಬಸ್ಸಾರು. ಮುದ್ದೆ ಒಂದೇ, ಹುರುಳಿಕಾಳು-ಸೊಪ್ಪಿನ ಪಲ್ಯ ಎರಡು ಪಾಲು. 136. ಡಾಕ್ಟರು ಹೇಳಿದ್ದು 140ರ ಒಳಗೆ. ಒಂದು ವಾರ ಅದಲುಬದಲು ಮಾಡಿ ನೋಡಿದೆ, ಹೆಚ್ಚುಕಮ್ಮಿ ಅದೇ ಲೆಕ್ಕ. ಬರೀ ಬೆಳಗಿನ ಖಾಲಿಹೊಟ್ಟೆ ಅಂಕಿ ನೋಡ್ತಾ ಕೂತಿದ್ರೆ ಮುದ್ದೆಯ ಮೇಲೆ ಅನುಮಾನವೇ ಬರ್ತಿರಲಿಲ್ಲ.

ಲ್ಯಾಬಿನಲ್ಲಿ 112 ಬಂದ ದಿನ ಇದರಲ್ಲಿ 121. ತಕರಾರಿಲ್ಲ, 100ರ ಮೇಲೆ ನೂರಕ್ಕೆ 15ರಷ್ಟು ಹೆಚ್ಚುಕಮ್ಮಿಗೆ ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಮಾನದಂಡದಲ್ಲೇ ಅವಕಾಶ ಇದೆ. ತಕರಾರಿರೋದು ಬ್ಯಾಟರಿ ಬದಲಿಸಿದಾಗ ತಾರೀಖೆಲ್ಲಾ ಅಳಿಸಿಹೋಗಿದ್ದಕ್ಕೆ. ಈಗ ಚೀಟಿ ಪುಸ್ತಕದ ಹಿಂಬದಿಯಲ್ಲೇ ಬರೆದಿಡ್ತೀನಿ. ಐದಕ್ಕೆ ಮೂರೂವರೆ ಕೊಡಬಹುದು.

ಮೊನ್ನೆ ಎಚ್‌ಬಿಎ1ಸಿ 5.8. ಮಲ್ಲಿಕಾ ಮಾವಿನ ಸೀಸನ್ನು ಮುಗಿಯೋಕೆ ಮುಂಚೆ ಎರಡು ಹೋಳು ತಿಂದು ನೋಡಬೇಕು ಅಂತ ಎರಡು ಸ್ಟ್ರಿಪ್ ಉಳಿಸಿಟ್ಟಿದ್ದೀನಿ. ನಮ್ಮನೆಯವಳಿಗೆ ಇನ್ನೂ ಹೇಳಿಲ್ಲ.