ಕೊಲೊರಾಡೊ ಕಾಡಿನ ‘ಫ್ರೀ ಕ್ಯಾಂಪಿಂಗ್’: ಅಪ್ಪ-ಅಮ್ಮನ್ನ ಕರ್ಕೊಂಡು ಹೊರಡೋ ಮುಂಚೆ ಇದನ್ನೊಮ್ಮೆ ಓದಿ

ಬೇಸಿಗೆ ರಜೆ ಶುರುವಾದರೆ ಸಾಕು, ಅಮೆರಿಕದಲ್ಲಿರುವ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೋ ಸುತ್ತೋಕೆ ಶುರುವಾಗುತ್ತೆ. ಹಿಂದೆ ಹಿಮ ಉಳಿದಿರೋ ಬೆಟ್ಟ, ಮುಂದೆ ಒಂದು ಟೆಂಟು, ಟೆಂಟಿನ ಬಾಗಿಲಲ್ಲಿ ಕಾಫಿ ಲೋಟ. ಕೆಳಗೆ ಮ್ಯಾಪಿನ ಪಿನ್ನು. ‘ಪೂರ್ತಿ ಫ್ರೀ, ಬುಕಿಂಗ್ ಬೇಡ, ಪಕ್ಕದಲ್ಲಿ ಯಾರ ಗಲಾಟೆಯೂ ಇಲ್ಲ.’ ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಜುಲೈನಲ್ಲಿ ಎಲ್ಲಿಗಾದರೂ ಕರ್ಕೊಂಡು ಹೋಗಬೇಕು ಅಂತ ಯೋಚಿಸ್ತಾ ಇರೋವಾಗ ಇಂಥದ್ದು ಕಣ್ಣಿಗೆ ಬಿದ್ದರೆ ಯಾರಿಗಾದರೂ ಆಸೆಯಾಗುತ್ತೆ. ಆ ಪಿನ್ನು ನೋಡಿಕೊಂಡು ವಿಮಾನದ ಟಿಕೆಟ್ ಮಾಡಿಸಿಬಿಟ್ಟವರಿಗಾಗಿಯೇ ಇದನ್ನು ಬರೀತಿದ್ದೀನಿ.

ಇಲ್ಲಿಗೆ ಹೊಸದಾಗಿ ಬಂದವರಿಗೆ ಒಂದು ವಿಷಯ. ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ. ಪಾರ್ಕುಗಳು ಕೇಂದ್ರದ ಇಂಟೀರಿಯರ್ ಇಲಾಖೆಯ ಕೈಯಲ್ಲಿವೆ. ಅಲ್ಲಿ ಸಾಮಾನ್ಯವಾಗಿ ಗೇಟು, ಟಿಕೆಟ್ಟು, ರೇಂಜರು ಎಲ್ಲಾ ಇರುತ್ತೆ, ಗುರುತು ಮಾಡಿದ ಜಾಗ ಬಿಟ್ಟು ಕಾರು ನಿಲ್ಲಿಸಿ ಮಲಗೋ ಹಾಗಿಲ್ಲ. ಫಾರೆಸ್ಟುಗಳನ್ನು ನೋಡಿಕೊಳ್ಳೋದು ಕೃಷಿ ಇಲಾಖೆಯ ಅಡಿಯಲ್ಲಿ 1905ರಲ್ಲಿ ಶುರುವಾದ ಫಾರೆಸ್ಟ್ ಸರ್ವಿಸ್. ಇಲ್ಲಿ ನಿರ್ಬಂಧವಿಲ್ಲದ ಕಡೆ, ಸಾಮಾನ್ಯವಾಗಿ 14 ದಿನದವರೆಗೆ, ಕಾಡಿನೊಳಗೆ ಬಿಡಿಬಿಡಿಯಾಗಿ ಬೀಡುಬಿಡಬಹುದು. ಇದಕ್ಕೇ ಡಿಸ್ಪರ್ಸ್ಡ್ ಕ್ಯಾಂಪಿಂಗ್ ಅನ್ನೋದು. ನಲ್ಲಿ ಇಲ್ಲ, ಶೌಚಾಲಯ ಇಲ್ಲ, ಕಸದ ಡಬ್ಬಿ ಇಲ್ಲ, ಫೋನ್ ಸಿಗ್ನಲ್ಲೂ ಬಹುತೇಕ ಇರೋದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಹೋದ ರಸ್ತೆ ನಾಳೆ ಬೆಳಿಗ್ಗೆಯೂ ರಸ್ತೆಯಾಗೇ ಇರುತ್ತೆ ಅಂತ ಯಾರೂ ಹೇಳೋದಿಲ್ಲ.

ನಾವು ಹೋಗಿದ್ದು ಕೊಲೊರಾಡೊದ ಸ್ಯಾನ್ ಇಸಬೆಲ್ ಫಾರೆಸ್ಟಿಗೆ, ಟ್ವಿನ್ ಲೇಕ್ಸ್ ಹತ್ತಿರ. ರಾಕಿ ಪರ್ವತಗಳಲ್ಲೇ ಎತ್ತರವಾದ ಮೌಂಟ್ ಎಲ್ಬರ್ಟ್ ಅಲ್ಲೇ ನೆತ್ತಿಯ ಮೇಲಿದೆ, 14,400 ಅಡಿಗೂ ಜಾಸ್ತಿ. ಡಾಲಸ್‌ನಿಂದ ಬೆಳಗಿನ ವಿಮಾನ ಹಿಡಿದು ಡೆನ್ವರಿನಲ್ಲಿ ಇಳಿದು, ಬಾಡಿಗೆ ಮಿನಿವ್ಯಾನ್ ತಗೊಂಡು, ಲೆಡ್‌ವಿಲ್ ದಾಟಿ ಮಧ್ಯಾಹ್ನದ ಹೊತ್ತಿಗೆ ಜಾಗ ಸೇರಿದ್ವಿ. ನಾನು, ಹೆಂಡತಿ, ಅಪ್ಪ, ಅಮ್ಮ, ಜೊತೆಗೆ ಗೆಳೆಯನ ಸಂಸಾರ. ಡಾಲಸ್ ಸಮುದ್ರಮಟ್ಟಕ್ಕಿಂತ ಐನೂರು ಅಡಿ ಆಸುಪಾಸು ಅಷ್ಟೆ. ಟೆಂಟ್ ಹಾಕಿದ ಜಾಗ ಹತ್ತು ಸಾವಿರ ಅಡಿ ಹತ್ತಿರ. “ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರವೇನೋ ಇದು?” ಅಂತ ಅಪ್ಪ ಕೇಳಿದ್ರು. ಕರ್ನಾಟಕದಲ್ಲೇ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 6,300 ಚಿಲ್ಲರೆ ಅಡಿ. ಅದರ ತುದಿಯ ಮೇಲೆ ಇನ್ನರ್ಧ ಮುಳ್ಳಯ್ಯನಗಿರಿ ಇಟ್ಟರೆ ಎಷ್ಟಾಗುತ್ತೋ ಅಷ್ಟು ಎತ್ತರದಲ್ಲಿ, ಅದೂ ಬೆಳಿಗ್ಗೆ ಡಾಲಸ್‌ನಲ್ಲಿ ತಿಂಡಿ ತಿಂದು ಬಂದವರನ್ನ ಅವತ್ತೇ ರಾತ್ರಿ ಮಲಗಿಸೋ ಏರ್ಪಾಡು ಅದು.

ಪಿನ್ನಿನ ಕೆಳಗೆ ರಿವ್ಯೂಗಳು ಧಾರಾಳವಾಗಿದ್ವು. ‘ನಮ್ಮ ಪ್ರಿಯಸ್ ಆರಾಮಾಗಿ ಹೋಯ್ತು.’ ‘ಸೆಡಾನ್ ಸಾಕು.’ ಅವೆಲ್ಲಾ ಸೆಪ್ಟೆಂಬರ್ ಕೊನೆಯಲ್ಲಿ, ನೆಲ ಒಣಗಿ ಗಟ್ಟಿಯಾಗಿದ್ದಾಗ ಹೋಗಿ ಬಂದವರು ಬರೆದದ್ದು. ಕೊಲೊರಾಡೊ ಬೆಟ್ಟಗಳಲ್ಲಿ ಜುಲೈ ಮಧ್ಯದಿಂದ ಆಗಸ್ಟ್‌ವರೆಗೆ ದಕ್ಷಿಣದಿಂದ ತೇವದ ಗಾಳಿ ಬರುತ್ತೆ. ಇಲ್ಲಿಯವರೂ ಅದನ್ನ ಮಾನ್ಸೂನ್ ಅಂತಲೇ ಕರೀತಾರೆ. ಬೆಳಿಗ್ಗೆ ಆಕಾಶದಲ್ಲಿ ಒಂದು ಚೂರು ಮೋಡ ಇರೋದಿಲ್ಲ. ಮಧ್ಯಾಹ್ನ ಒಂದೆರಡು ಗಂಟೆಗೆಲ್ಲಾ ಕಪ್ಪಗಾಗಿ, ಗುಡುಗು ಸಿಡಿಲು. ನಮ್ಮ ಮಲೆನಾಡಿನ ಹಾಗೆ ದಿನಗಟ್ಟಲೆ ಸುರಿಯೋ ಮಳೆ ಅಲ್ಲ ಇದು, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತೆ. ಆ ಮುಕ್ಕಾಲು ಗಂಟೆ ಸಾಕು.

ನಾವು ಟೆಂಟಿನ ಗೂಟ ಹೊಡೀತಿರೋವಾಗಲೇ ಶುರುವಾಯ್ತು. ಮೊದಲು ಗಾಳಿ, ಆಮೇಲೆ ಆಲಿಕಲ್ಲು. ಎಲ್ಲರೂ ವ್ಯಾನಿನೊಳಗೆ ಹತ್ತಿ ಬಾಗಿಲು ಹಾಕಿಕೊಂಡ್ವಿ. ಸಿಡಿಲಿಗೆ ಟೆಂಟು ಯಾವ ರಕ್ಷಣೆಯೂ ಅಲ್ಲ, ಲೋಹದ ಟಾಪ್ ಇರೋ ಕಾರೇ ವಾಸಿ, ಇದನ್ನ ಮಕ್ಕಳಿಗೂ ಹೇಳಿಕೊಡಿ. ಮಳೆ ನಿಂತ ಮೇಲೆ ಗೆಳೆಯ ಕೆಳಗಿನ ತಿರುವಿನವರೆಗೆ ನಡೆದು ಹೋಗಿ ಬಂದ. ಅವನ ಬೂಟಿಗೆ ಬೆರಳುದ್ದ ಜೇಡಿ ಮೆತ್ತಿಕೊಂಡಿತ್ತು. ಬರುವಾಗ ದಾಟಿದ ಸಣ್ಣ ಇಳಿಜಾರಿನಲ್ಲಿ, ಚಕ್ರದ ಜಾಡಿನಲ್ಲೇ ನೀರು ಹರಿದು ಮೊಣಕಾಲುದ್ದದ ಕೊರಕಲು ಬಿದ್ದಿದೆ, ಮಧ್ಯದ ದಿಂಡಿನಲ್ಲಿ ಕಲ್ಲುಗಳು ಎದ್ದಿವೆ ಅಂದ. ನಾಳೆ ಬಿಸಿಲಿಗೆ ಒಣಗುತ್ತೆ ಬಿಡು ಅನ್ನೋ ಮಾತಾಯ್ತು.

ಅಡುಗೆ ವಿಚಾರ ಹೇಳಲೇಬೇಕು. ಹತ್ತು ಸಾವಿರ ಅಡಿಯಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತೆ. ಕೊತಕೊತ ಅಂತ ಕುದೀತಾನೇ ಇರುತ್ತೆ, ಬೇಳೆ ಮಾತ್ರ ಬೇಯೋದಿಲ್ಲ. ಅಮ್ಮ ತೊಗರಿಬೇಳೆಯನ್ನ ಬೆರಳಲ್ಲಿ ಹಿಸುಕಿ ನೋಡಿ, ಗ್ಯಾಸ್ ಹೆಚ್ಚಿಸಿ, ಮತ್ತೆ ಹಿಸುಕಿ ನೋಡಿ, “ಈ ಒಲೆಗೆ ಏನೋ ಆಗಿದೆ” ಅಂದ್ರು. ಒಲೆಗೇನೂ ಆಗಿರಲಿಲ್ಲ. ಕುಕ್ಕರ್ ತಗೊಂಡು ಹೋಗಿ, ಇಲ್ಲಾಂದ್ರೆ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಕಟ್ಟಿಕೊಂಡು ಹೋಗಿ. ಹಳ್ಳದ ನೀರನ್ನ ಕುದಿಸಿ ಕುಡಿಯೋದಾದರೆ 6,500 ಅಡಿ ಮೇಲೆ ಮೂರು ನಿಮಿಷವಾದರೂ ಕೊತಕೊತ ಕುದಿಸಬೇಕು. ಸ್ಫಟಿಕದ ಹಾಗೆ ಕಾಣೋ ನೀರಲ್ಲೂ ಹೊಟ್ಟೆ ಕೆಡಿಸೋ ಜಿಯಾರ್ಡಿಯಾ ಅನ್ನೋ ಸೂಕ್ಷ್ಮಜೀವಿ ಇರಬಹುದು.

ಸಂಜೆಗೇ ಅಮ್ಮ ತಲೆನೋವು ಅಂದಿದ್ರು. ವಿಮಾನ, ಘಾಟಿ ರಸ್ತೆ, ಸುಸ್ತು ಅಂತ ಎಲ್ಲರಿಗೂ ಅನ್ನಿಸಿತು. ಎತ್ತರದ ಕಾಯಿಲೆಯ ತೊಂದರೆಯೇ ಇದು, ಬಂದ ಕೂಡಲೇ ಗೊತ್ತಾಗೋದಿಲ್ಲ. ಎರಡರಿಂದ ಹನ್ನೆರಡು ಗಂಟೆ ಕಳೆದ ಮೇಲೆ, ಬಹಳ ಸಲ ಮೊದಲ ರಾತ್ರಿಯೇ ಕಾಣಿಸಿಕೊಳ್ಳುತ್ತೆ. ತಲೆನೋವು, ವಾಕರಿಕೆ, ಸುಸ್ತು, ನಿದ್ದೆ ಬಾರದಿರೋದು. ಮಧ್ಯರಾತ್ರಿ ದಾಟಿದ ಮೇಲೆ ಅಮ್ಮ ಎದ್ದು ಕೂತು, “ತಲೆ ಸಿಡೀತಿದೆ ಕಣೋ, ಹೊಟ್ಟೆ ತೊಳಸ್ತಿದೆ” ಅಂತ ಹೇಳಿ ಟೆಂಟಿನಿಂದ ಹೊರಗೆ ಬರೋಷ್ಟರಲ್ಲಿ ವಾಂತಿ. ಆಮೇಲೆ ಇನ್ನೊಂದು ಸಲ. ಹೊರಗೆ ಜುಲೈ ತಿಂಗಳಲ್ಲೂ ನೀರು ಹೆಪ್ಪುಗಟ್ಟೋ ಹಾಗಿನ ಚಳಿ. ಬಿಪಿ ಇರೋ ಅರವತ್ತೈದು ದಾಟಿದ ಹೆಂಗಸು. ಇದಕ್ಕೆ ಖಚಿತವಾದ ಮದ್ದು ಅಂದ್ರೆ ಕೆಳಗಿಳಿಯೋದು. ಕೆಳಗಿಳಿಯೋ ದಾರಿಯಲ್ಲಿ ಆ ಕೊರಕಲು.

ಆದರೂ ಹೊರಟ್ವಿ. ಮಿನಿವ್ಯಾನಿನ ಹೊಟ್ಟೆ ನೆಲಕ್ಕೆ ಹತ್ತಿರ. ಕೊರಕಲಿನ ಪಕ್ಕದಲ್ಲಿ ಚಕ್ರ ಹಾಯಿಸೋಕೆ ಹೋದಾಗ ಜೇಡಿಯಲ್ಲಿ ಜಾರಿ ಬಲಗಡೆಯ ಎರಡೂ ಚಕ್ರ ಒಳಗೆ ಇಳಿದವು. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರು ಕಲ್ಲಿಗೆ ಸಿಕ್ಕಿ ಪಟ್ ಅಂತ ಹರಿಯಿತು. ಆ ಸದ್ದಿನ ಮೇಲೆ ಅಪ್ಪ ಒಂದೂ ಮಾತಾಡಲಿಲ್ಲ. ಫೋನಿಗೆ ಒಂದು ಕಡ್ಡಿ ಸಿಗ್ನಲ್ ಇಲ್ಲ. ಗೆಳೆಯನ ಹತ್ತಿರ ಹೊಸ ಐಫೋನ್ ಇತ್ತು. ಐಫೋನ್ 14ರಿಂದ ಈಚಿನವುಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸೋ ಸೌಲಭ್ಯವಿದೆ. ಆದರೆ ಅದಕ್ಕೆ ತೆರೆದ ಆಕಾಶ ಬೇಕು. ದಟ್ಟ ಪೈನ್ ಮರಗಳ ಕೆಳಗೆ ಅದು ಎಡಕ್ಕೆ ತಿರುಗು, ಬಲಕ್ಕೆ ತಿರುಗು ಅಂತ ಸುತ್ತಿಸ್ತಾನೇ ಇತ್ತು.

ಮೇಲಿನ ತಿರುವಿನಲ್ಲಿ ಸಂಜೆ ಒಂದು ಪಿಕಪ್ ಟ್ರಕ್ ನೋಡಿದ್ದು ನನ್ನ ಹೆಂಡತಿಗೆ ನೆನಪಿತ್ತು. ಗೆಳೆಯ ಟಾರ್ಚ್ ಹಿಡಿದು ಹತ್ತಿ ಹೋಗಿ ಆ ಟ್ರಕ್ಕಿನ ಹಿರಿಯರೊಬ್ಬರನ್ನ ಎಬ್ಬಿಸಿಕೊಂಡು ಬಂದ. ಬಂದವರು ವ್ಯಾನಿನ ಕಡೆ ನೋಡಲೂ ಇಲ್ಲ, ನೇರವಾಗಿ ಅಮ್ಮನ ಹತ್ತಿರ ಹೋದ್ರು. ಹೆಸರು ಕೇಳಿದ್ರು, ಇವತ್ತು ಯಾವ ವಾರ ಅಂತ ಕೇಳಿದ್ರು. ಆಮೇಲೆ ಹೆಡ್‌ಲ್ಯಾಂಪ್ ಬೆಳಕಲ್ಲಿ ನೆಲದ ಮೇಲೊಂದು ಗೆರೆ ಎಳೆದು, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗೋ ಹಾಗೆ ನಡೆಯೋಕೆ ಹೇಳಿದ್ರು. ಸೀರೆ ಮೇಲೆ ನನ್ನ ಜಾಕೆಟ್ಟು, ಕಾಲಿಗೆ ಎರಡೆರಡು ಕಾಲುಚೀಲ, ತಲೆಗೆ ಶಾಲು. “ಇವ್ರ್ಯಾಕೋ ನನ್ನನ್ನ ಪೆರೇಡ್ ಮಾಡಿಸ್ತಿದಾರೆ?” ಅಂತ ಗೊಣಗಿಕೊಂಡೇ ಅಮ್ಮ ಆ ಗೆರೆ ಮೇಲೆ ನೆಟ್ಟಗೆ ನಡೆದ್ರು. ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ, ಗೊಂದಲ ಮಾಡಿಕೊಂಡರೆ ಮಿದುಳಿನಲ್ಲಿ ನೀರು ತುಂಬ್ತಿದೆ ಅಂತ ಅರ್ಥ, ಅದು ಗಂಟೆಗಳ ಲೆಕ್ಕದ ವಿಷಯ ಅಂತ ಅವರು ಆಮೇಲೆ ಹೇಳಿದ್ರು. ಸುಮ್ಮನೆ ಕೂತಿರುವಾಗಲೂ ಏದುಸಿರು ಬಂದರೆ ಶ್ವಾಸಕೋಶಕ್ಕೆ ತೊಂದರೆ, ಅದೂ ಅಷ್ಟೇ ಅಪಾಯ. ಅಮ್ಮನಿಗೆ ಎರಡೂ ಇರಲಿಲ್ಲ. ತಮ್ಮ ಟ್ರಕ್ಕಿನಲ್ಲಿ ಅಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು, ಆ ಕೊರಕಲನ್ನ ಆಮೆ ವೇಗದಲ್ಲಿ ದಾಟಿಸಿ, ಎಂಟು ಸಾವಿರ ಅಡಿಗಿಂತ ತುಸು ಕೆಳಗಿರೋ ಬ್ಯೂನ ವಿಸ್ಟಾ ಊರಿಗೆ ಬಿಟ್ಟರು. ದಾರಿ ಅರ್ಧ ಸವೆಯೋ ಹೊತ್ತಿಗೇ ಅಮ್ಮ ನೀರು ಕೇಳಿದ್ರು. ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ನೋಡಿ, ಇನ್ನು ಮೇಲಕ್ಕೆ ಹೋಗಬೇಡಿ ಅಂದ್ರು, ಅಷ್ಟೆ. ಆ ಪುಣ್ಯಾತ್ಮರು ಪೆಟ್ರೋಲಿಗೆ ಅಂತ ಕೊಟ್ಟ ದುಡ್ಡನ್ನೂ ಮುಟ್ಟಲಿಲ್ಲ.

ವ್ಯಾನಿನ ಕತೆ ಅಷ್ಟು ಸಲೀಸಾಗಿ ಮುಗೀಲಿಲ್ಲ. ಬಾಡಿಗೆ ಕಂಪನಿಗೆ ಫೋನ್ ಮಾಡಿದರೆ ಆ ಕಡೆಯಿಂದ ಬಂದ ಮೊದಲ ಪ್ರಶ್ನೆಯೇ, ಗಾಡಿ ಡಾಂಬರು ರಸ್ತೆಯಲ್ಲಿದೆಯಾ? ಇಲ್ಲ ಅಂದ ಕೂಡಲೇ ರೋಡ್‌ಸೈಡ್ ಅಸಿಸ್ಟೆನ್ಸ್ ಅನ್ವಯಿಸೋದಿಲ್ಲ ಅಂದ್ರು. ಕೌಂಟರಿನಲ್ಲಿ ದಿನಕ್ಕಿಷ್ಟು ಅಂತ ದುಡ್ಡು ಕೊಟ್ಟು ತಗೊಂಡ ‘ಪೂರ್ತಿ ಕವರೇಜ್’ ಕೂಡ ಡಾಂಬರು ಬಿಟ್ಟ ಕ್ಷಣಕ್ಕೆ ಬಿದ್ದುಹೋಗುತ್ತೆ ಅಂತ ಕರಾರಿನ ಸಣ್ಣಕ್ಷರದಲ್ಲಿ ಬರೆದಿತ್ತು. ಅದೇ ಕೌಂಟರಿನವರಿಗೆ ನಾವು ಕ್ಯಾಂಪಿಂಗಿಗೆ ಹೋಗ್ತಿದ್ದೀವಿ ಅಂತ ಹೇಳಿದ್ದೆವು, ‘ಎಂಜಾಯ್’ ಅಂದಿದ್ರು. ಹಲವು ಕ್ರೆಡಿಟ್ ಕಾರ್ಡುಗಳ ಬಾಡಿಗೆ ಕಾರಿನ ವಿಮೆಯಲ್ಲೂ ಇದೇ ಷರತ್ತಿರುತ್ತೆ, ತೆಗೆದು ಓದಿ. ಕೊನೆಗೆ ವಿಂಚ್ ಇರೋ ಖಾಸಗಿ ಗಾಡಿಯವರು ಬಂದು ಎಳೆದು ತೆಗೆದರು. ಅವರ ಬಿಲ್ಲು, ಕವರಿನ ಬಿಲ್ಲು, ಗಾಡಿ ರಿಪೇರಿಯಲ್ಲಿದ್ದ ದಿನಗಳ ಬಾಡಿಗೆ ಎಲ್ಲಾ ಸೇರಿ, ಬ್ಯೂನ ವಿಸ್ಟಾದಲ್ಲಿ ಒಂದು ವಾರ ಒಳ್ಳೆಯ ಲಾಡ್ಜಿನಲ್ಲಿ ಎಲ್ಲರೂ ಉಳಿಯಬಹುದಿತ್ತು.

ಇಷ್ಟೆಲ್ಲಾ ಕೇಳಿದ ಮೇಲೂ ಹೋಗ್ತೀವಿ ಅನ್ನೋರು ಇರ್ತೀರಿ, ಹೋಗಿ. ಜಾಗ ನಿಜಕ್ಕೂ ಚೆನ್ನಾಗಿದೆ. ಪಿನ್ನು ಮಾತ್ರ ನಂಬಬೇಡಿ. ಪ್ರತಿ ಫಾರೆಸ್ಟಿಗೂ ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್ ಅಂತ ಒಂದು ಉಚಿತ ನಕ್ಷೆ ಇರುತ್ತೆ, ರೇಂಜರ್ ಕಚೇರಿಯಲ್ಲೂ ಸಿಗುತ್ತೆ, ಫೋನಿಗೂ ಇಳಿಸಿಕೊಳ್ಳಬಹುದು. ಯಾವ ರಸ್ತೆಗೆ ಗಾಡಿ ಹೋಗಬಹುದು, ಯಾವ ರಸ್ತೆಯ ಬದಿಯಲ್ಲಿ ಬೀಡುಬಿಡಬಹುದು ಅನ್ನೋದು ಅದರಲ್ಲಿದೆ. ರಸ್ತೆ ಹೇಗಿದೆ ಅನ್ನೋದು ಇಲ್ಲ. ನಿಯಮಗಳೂ ಬದಲಾಗ್ತಾ ಇರುತ್ತವೆ. ಕೊಲೊರಾಡೊದಲ್ಲೇ ಇರೋ ಕ್ರೆಸ್ಟೆಡ್ ಬ್ಯೂಟ್ ಊರಿನ ಸುತ್ತಲಿನ ಕಣಿವೆಗಳಲ್ಲಿ ಮೊದಲು ಎಲ್ಲಿ ಬೇಕಾದರೂ ಟೆಂಟ್ ಹಾಕ್ತಿದ್ರು, ಜನ ಜಾಸ್ತಿಯಾದ ಮೇಲೆ ಈಗ ನಂಬರ್ ಹಾಕಿದ ಜಾಗದಲ್ಲಷ್ಟೇ. ಹಳೇ ಪಿನ್ನುಗಳು ಇನ್ನೂ ಓಡಾಡ್ತಿವೆ.

ಟೆಂಟ್ ಹಾಕೋ ಮುಂಚೆ ಒಮ್ಮೆ ತಲೆಯೆತ್ತಿ ನೋಡಿ. ಪೈನ್ ಮರಗಳನ್ನ ಕೊರೆಯೋ ದುಂಬಿ ಕೊಲೊರಾಡೊದಲ್ಲಿ ಲಕ್ಷಾಂತರ ಎಕರೆ ಕಾಡನ್ನ ಒಣಗಿಸಿದೆ. ಒಣಮರಗಳು ಗಾಳಿಗೆ ಸೂಚನೆಯೇ ಇಲ್ಲದೆ ಬೀಳುತ್ತವೆ. ಬೆಂಕಿಯ ವಿಷಯದಲ್ಲಂತೂ ತಮಾಷೆ ಬೇಡವೇ ಬೇಡ. ಯಾರೋ ಕಲ್ಲು ಜೋಡಿಸಿ ಮಾಡಿಟ್ಟ ಒಲೆಗುಂಡಿ ಇದೆ ಅಂದಮಾತ್ರಕ್ಕೆ ಅಲ್ಲಿ ಬೆಂಕಿ ಹಾಕಬಹುದು ಅಂತಲ್ಲ. ಮೊದಲ ಹಂತದ ನಿರ್ಬಂಧ ಬಂದರೂ ಸಾಕು, ಇಂಥ ಬಿಡಿ ಜಾಗಗಳಲ್ಲಿ ಸೌದೆ ಉರಿಸೋ ಹಾಗಿಲ್ಲ, ಆಫ್ ಮಾಡೋ ತಿರುಪಿರೋ ಗ್ಯಾಸ್ ಒಲೆ ಮಾತ್ರ. 2002ರಲ್ಲಿ ಪಕ್ಕದ ಪೈಕ್ ಫಾರೆಸ್ಟಿನಲ್ಲಿ ನಿಷೇಧವಿದ್ದಾಗಲೇ ಇಂಥದ್ದೊಂದು ಒಲೆಗುಂಡಿಯಲ್ಲಿ ಹೊತ್ತಿಕೊಂಡ ಹೇಮನ್ ಕಾಡ್ಗಿಚ್ಚು ಸುಮಾರು 1 ಲಕ್ಷ 38 ಸಾವಿರ ಎಕರೆ ಸುಟ್ಟಿತು. ಹಚ್ಚಿದ್ದು ಫಾರೆಸ್ಟ್ ಸರ್ವಿಸಿನದೇ ಒಬ್ಬ ಉದ್ಯೋಗಿ.

ಇನ್ನು ಯಾರೂ ಬರೆಯದ ವಿಷಯ, ಶೌಚ. ನೀರಿನ ಸೆಲೆಯಿಂದ 200 ಅಡಿ ದೂರ, ಆರರಿಂದ ಎಂಟು ಇಂಚು ಆಳದ ಗುಂಡಿ ತೋಡಿ, ಆಮೇಲೆ ಮುಚ್ಚಿ ಬರಬೇಕು. ಮಂಡಿನೋವಿರೋ ಅಪ್ಪ-ಅಮ್ಮ ಕತ್ತಲಲ್ಲಿ, ಚಳಿಯಲ್ಲಿ, ಇಳಿಜಾರಿನಲ್ಲಿ ಕುಕ್ಕರಗಾಲಲ್ಲಿ ಹೇಗೆ ಕೂರ್ತಾರೆ ಅಂತ ಯೋಚಿಸಿ. ನಮ್ಮಪ್ಪ ಅದನ್ನ ತಪ್ಪಿಸೋಕೆ ಅಂತಲೇ ಮಧ್ಯಾಹ್ನದಿಂದ ನೀರು ಕುಡಿಯೋದು ನಿಲ್ಲಿಸಿದ್ದರಂತೆ, ಆ ಎತ್ತರದಲ್ಲಿ! ಮಡಚೋ ಕಮೋಡ್ ಸಿಗುತ್ತೆ, ತಗೊಳ್ಳಿ.

ದೊಡ್ಡವರು ಜೊತೆಗಿದ್ದರೆ ಮೊದಲ ಎರಡು ಮೂರು ರಾತ್ರಿ ಡೆನ್ವರ್, ಸಲೈಡಾದಂಥ ಕೆಳಗಿನ ಊರುಗಳಲ್ಲಿ ಉಳಿದು, ಹಗಲು ಮೇಲೆ ಹೋಗಿ ಮಧ್ಯಾಹ್ನದೊಳಗೆ ಇಳಿದು ಬನ್ನಿ. ಮೊದಲ ರಾತ್ರಿಯೇ 9,000 ಅಡಿಗಿಂತ ಮೇಲೆ ಮಲಗಬೇಡಿ. ಎತ್ತರದ ಕಾಯಿಲೆ ಬಾರದಂತೆ ಕೊಡೋ ಡಯಾಮಾಕ್ಸ್ ಮಾತ್ರೆ ಅವರಿಗೆ ಆಗುತ್ತಾ ಅಂತ ಹೊರಡೋ ಮೊದಲೇ ಡಾಕ್ಟರನ್ನ ಕೇಳಿ. ವಿಸಿಟರ್ ಇನ್ಶೂರೆನ್ಸಿನಲ್ಲಿ ಮೊದಲೇ ಇರೋ ಬಿಪಿ, ಶುಗರ್‌ಗೆ ಏನು ಬರೆದಿದೆ ಅಂತಲೂ ನೋಡಿಕೊಳ್ಳಿ. ಆಮೇಲೆ, ಹೋಗೋ ಜಾಗದ ರೇಂಜರ್ ಕಚೇರಿಗೆ ಒಂದು ಫೋನ್ ಮಾಡಿ. ಈ ವಾರ ಮಳೆ ಬಿದ್ದಿದೆಯಾ, ಈ ನಂಬರಿನ ರಸ್ತೆಯಲ್ಲಿ ಮಿನಿವ್ಯಾನ್ ಹೋಗಿ ವಾಪಸ್ ಬರುತ್ತಾ, ಬೆಂಕಿ ನಿರ್ಬಂಧ ಯಾವ ಹಂತದಲ್ಲಿದೆ ಅಂತ ಕೇಳಿದರೆ ಬೇಸರಿಸದೆ ಹೇಳ್ತಾರೆ. ಹಲವು ಕಚೇರಿಗಳು ಶನಿವಾರ-ಭಾನುವಾರ ತೆಗೆದಿರೋದಿಲ್ಲ, ಶುಕ್ರವಾರ ಮಧ್ಯಾಹ್ನದೊಳಗೇ ಮಾಡಿಬಿಡಿ.