ವಿಂಡೋಸ್‌ನಲ್ಲಿ ಏನೇನು ಇನ್‌ಸ್ಟಾಲ್ ಆಗಿದೆ? ಪಟ್ಟಿ ಮಾಡೋಕೆ ನನ್ನ ವೋಟು ರಿಜಿಸ್ಟ್ರಿಗೆ

ಆಫೀಸಿನ ಯಾವ ಕಂಪ್ಯೂಟರ್‌ನಲ್ಲಿ ಯಾವ ಸಾಫ್ಟ್‌ವೇರ್ ಇದೆ, ಎಷ್ಟನೇ ವರ್ಷನ್ ಅಂತ ಲೈಸೆನ್ಸ್ ಲೆಕ್ಕಕ್ಕೆ ಪಟ್ಟಿ ಬೇಕಿತ್ತು. ಇದಕ್ಕೆಂದೇ ದುಡ್ಡು ಕೊಟ್ಟು ಕೊಳ್ಳುವ ಟೂಲ್‌ಗಳಿವೆ. ನಮ್ಮದು ಸಣ್ಣ ಆಫೀಸು, ಕಂಪ್ಯೂಟರಿಗೆ ಇಷ್ಟು ಅಂತ ವರ್ಷ ವರ್ಷ ಕಟ್ಟುವ ಮಾತೇ ಇಲ್ಲ. ಹಾಗಾಗಿ ವಿಂಡೋಸ್ ಜೊತೆಗೇ ಬರುವ, ಕಮಾಂಡ್ ಬರೆದು ಕೆಲಸ ಮಾಡಿಸುವ ಪವರ್‌ಶೆಲ್ ಹಿಡಿದು ಕೂತೆ. ಸಿಕ್ಕ ದಾರಿಗಳನ್ನೆಲ್ಲ ನೋಡಿ ಕೊನೆಗೆ ನಿಂತಿದ್ದು ರಿಜಿಸ್ಟ್ರಿಯಲ್ಲೇ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತದಲ್ಲೇ.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಜಾಸ್ತಿ ಸಿಗುವ ಸಲಹೆ ವಿನ್32_ಪ್ರಾಡಕ್ಟ್. ಒಂದೇ ಸಾಲಿನ ಕಮಾಂಡ್. ಸುಮ್ನೆ ಓದಿ ಹೇಳುತ್ತೆ ಅನ್ನಿಸುತ್ತದೆ, ಅಲ್ವಾ? ಹಾಗಿಲ್ಲ. ಕೇಳಿದಾಗಲೆಲ್ಲ ಅದು ಎಂಎಸ್‌ಐ (ವಿಂಡೋಸ್‌ನದೇ ಇನ್‌ಸ್ಟಾಲರ್ ಫೈಲು) ಮೂಲಕ ಇನ್‌ಸ್ಟಾಲ್ ಆದ ಪ್ರತಿಯೊಂದು ಸಾಫ್ಟ್‌ವೇರನ್ನೂ ಸರಿಯಾಗಿದೆಯಾ ಅಂತ ತಪಾಸಣೆ ಮಾಡುತ್ತದೆ. ಏನಾದರೂ ಹೆಚ್ಚುಕಮ್ಮಿ ಕಂಡರೆ ರಿಪೇರಿಗೂ ಇಳಿಯುತ್ತದೆ. ನಾವು ಬೇಕೆಂದೇ ಬದಲಿಸಿಟ್ಟ ಸೆಟ್ಟಿಂಗ್ ಮತ್ತೆ ಹಳೆಯದಕ್ಕೆ ಹೋದರೂ ಹೋಯಿತು. ಪಟ್ಟಿ ಕೇಳಿದ್ದಕ್ಕೆ ಇಷ್ಟೆಲ್ಲ!

ಕಮಾಂಡ್ ಕೊಟ್ಟ ಮೇಲೆ ಪರದೆ ಸುಮ್ಮನೆ ಕೂತಿತ್ತು, ಪಟ್ಟಿ ಬರಲೇ ಇಲ್ಲ. ಅಷ್ಟರಲ್ಲಿ ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ ಲಾಗ್ ನೋಡಿದೆ. ಎಂಎಸ್‌ಐ ಇನ್‌ಸ್ಟಾಲರ್ ಹೆಸರಲ್ಲಿ 1035 ನಂಬರಿನ ಸಾಲುಗಳು ಒಂದರ ಕೆಳಗೊಂದು, ಪ್ರತಿ ಸಾಫ್ಟ್‌ವೇರಿಗೂ ಒಂದೊಂದು: ‘ರೀಕಾನ್ಫಿಗರ್ ಮಾಡಲಾಗಿದೆ’. ಒಂದೇ ಒಂದರ ಹೆಸರು ಕೊಟ್ಟು ಫಿಲ್ಟರ್ ಹಾಕಿದರೂ ಅಷ್ಟನ್ನೂ ಮುಟ್ಟಿಯೇ ಬರುತ್ತದೆ. ಇಷ್ಟಾದ ಮೇಲಾದರೂ ಪಟ್ಟಿ ಪೂರ್ತಿ ಇದೆಯಾ ಅಂದರೆ ಅದೂ ಇಲ್ಲ. ಇಎಕ್ಸ್‌ಇ ಫೈಲಿನಿಂದ ಹಾಕಿದ ಫೈರ್‌ಫಾಕ್ಸ್, ವಿಎಲ್‌ಸಿ ಎಲ್ಲ ನಾಪತ್ತೆ. ಬೇರೆಯವರ ಕೆಲಸ ನಡೆಯುತ್ತಿರುವ ಕಂಪ್ಯೂಟರ್‌ನಲ್ಲಿ ಇದನ್ನು ಓಡಿಸಬೇಡಿ.

ಪಟ್ಟಿ ಕೊಡುವ ಇನ್ನೊಂದು ಕಮಾಂಡ್ ಗೆಟ್-ಪ್ಯಾಕೇಜ್. ಪವರ್‌ಶೆಲ್ 5.1ರಲ್ಲಿ ಚೆನ್ನಾಗಿದೆ, 7ಕ್ಕೆ ಹೋದರೆ ಇನ್‌ಸ್ಟಾಲ್ ಆದ ಪ್ರೋಗ್ರಾಂಗಳು ಅದಕ್ಕೆ ಕಾಣುವುದೇ ಇಲ್ಲ.

ಸಾಫ್ಟ್‌ವೇರ್ ಹಾಕಲು ಮೈಕ್ರೋಸಾಫ್ಟ್ ಕೊಡುವ ಟೂಲ್ ವಿನ್‌ಗೆಟ್. ಅದರ ಲಿಸ್ಟ್ ಕಮಾಂಡ್ ಕಣ್ಣಿಗೆ ಚೆಂದ. ಸ್ಟೋರ್ ಆ್ಯಪ್‌ಗಳೂ ಬರುತ್ತವೆ, ಅಪ್‌ಡೇಟ್ ಇದ್ದರೆ ಪಕ್ಕದಲ್ಲೇ ತೋರಿಸುತ್ತದೆ. ಆದರೆ ಕೊಡುವುದು ಬರೀ ಅಕ್ಷರಗಳ ಟೇಬಲ್. ಹೆಸರು ಉದ್ದವಾದರೆ ಬಾಲ ಕತ್ತರಿಸಿ ಚುಕ್ಕಿ ಇಡುತ್ತದೆ. ಮೊದಲ ಸಲ ಷರತ್ತಿಗೆ ಒಪ್ಪಿಗೆ ಕೇಳಿ ನಿಂತುಬಿಡುತ್ತದೆ, ಸ್ಕ್ರಿಪ್ಟ್ ಅಲ್ಲೇ ಬಾಕಿ. ಅದಕ್ಕೊಂದು ಫ್ಲ್ಯಾಗ್ ಇದೆ ಅನ್ನಿ. ಮನೆಯ ಹಳೇ ಲ್ಯಾಪ್‌ಟಾಪ್‌ನಿಂದ ಹೊಸದಕ್ಕೆ ಹೋಗುವಾಗ ಪಟ್ಟಿಯನ್ನು ಫೈಲಾಗಿ ಉಳಿಸುವ ವಿನ್‌ಗೆಟ್ ಎಕ್ಸ್‌ಪೋರ್ಟ್ ನಾನೂ ಬಳಸುತ್ತೇನೆ.

ರಿಜಿಸ್ಟ್ರಿಯಲ್ಲಿ ನೋಡಬೇಕಾದ್ದು ಅನ್‌ಇನ್‌ಸ್ಟಾಲ್ ಅನ್ನುವ ಕೀ. ಅದು ಮೂರು ಕಡೆ ಇರುತ್ತದೆ: ಇಡೀ ಕಂಪ್ಯೂಟರಿಗೆ ಸೇರಿದ ಎಚ್‌ಕೆಎಲ್‌ಎಂನಲ್ಲಿ 64 ಬಿಟ್‌ಗೊಂದು, ವಾವ್6432ನೋಡ್ ಕೆಳಗೆ 32 ಬಿಟ್‌ಗೊಂದು, ಬಳಕೆದಾರರ ಪಾಲಿನದು ಎಚ್‌ಕೆಸಿಯುನಲ್ಲಿ. ಬರೀ ಓದುವ ಕೆಲಸ, ಯಾವುದನ್ನೂ ಮುಟ್ಟುವುದಿಲ್ಲ. ಎಂಟರ್ ಒತ್ತಿ ಕೈ ತೆಗೆಯುವಷ್ಟರಲ್ಲಿ ಪಟ್ಟಿ ಬಂದಿರುತ್ತದೆ. ಡಿಸ್‌ಪ್ಲೇನೇಮ್ (ತೋರಿಸುವ ಹೆಸರು) ಖಾಲಿ ಇರುವವನ್ನೂ ಸಿಸ್ಟಂಕಾಂಪೊನೆಂಟ್ 1 (ಪಟ್ಟಿಯಲ್ಲಿ ತೋರಿಸಬೇಡ ಅನ್ನುವ ಗುರುತು) ಅಂತ ಇರುವವನ್ನೂ ಕೈಬಿಟ್ಟರೆ, ಹೆಚ್ಚುಕಡಿಮೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕಾಣುವ ಪಟ್ಟಿಯೇ ಸಿಗುತ್ತದೆ. ಇನ್‌ಸ್ಟಾಲ್ ತಾರೀಖನ್ನು ಮಾತ್ರ ನಂಬಬೇಡಿ, ಎಷ್ಟೋ ಕಡೆ ಖಾಲಿ.

ಕಿರಿಕಿರಿ ಇರುವುದು ಎಚ್‌ಕೆಸಿಯುನಲ್ಲಿ. ವಿಎಸ್ ಕೋಡ್‌ನ ಯೂಸರ್ ಸೆಟಪ್ ಥರ ಒಬ್ಬ ಬಳಕೆದಾರರಿಗಷ್ಟೇ ಇನ್‌ಸ್ಟಾಲ್ ಆಗುವವು ಅಲ್ಲೇ ಕೂರುತ್ತವೆ. ಅಡ್ಮಿನ್ ಲಾಗಿನ್‌ನಲ್ಲಿ ಓಡಿಸಿದರೆ ಕಾಣುವುದು ಅಡ್ಮಿನ್‌ದು, ಆ ಕಂಪ್ಯೂಟರ್ ಬಳಸುವವರದ್ದಲ್ಲ. ಅದಕ್ಕೇ ನಾನು ಇದನ್ನು ಲಾಗಾನ್ ಸ್ಕ್ರಿಪ್ಟ್ ಮಾಡಿಬಿಟ್ಟೆ. ಅವರವರು ಲಾಗಿನ್ ಆದಾಗ ಅವರವರ ಪಟ್ಟಿ ಸಿಎಸ್‌ವಿ ಆಗಿ ಶೇರ್ಡ್ ಫೋಲ್ಡರ್‌ಗೆ ಬಂದು ಬೀಳುತ್ತದೆ. ಓದುವುದಷ್ಟೇ ಆದ್ದರಿಂದ ಅಡ್ಮಿನ್ ಹಕ್ಕೂ ಬೇಕಿಲ್ಲ.

ಪೈಥಾನ್‌ನಲ್ಲಿ ಬರೆಯುವವರು 32 ಬಿಟ್ ಪೈಥಾನ್ ಇದ್ದರೆ ಹುಷಾರು. ಕೇಳಿದ್ದು 64ರ ಕೀ ಆದರೂ ವಿಂಡೋಸ್ ಸದ್ದಿಲ್ಲದೆ 32ರದ್ದನ್ನು ಕೈಗಿಡುತ್ತದೆ. ರಿಜಿಸ್ಟ್ರಿ ಓದುವ ಪೈಥಾನ್ ಮಾಡ್ಯೂಲ್ ವಿನ್‌ರೆಜ್‌ನಲ್ಲಿ 64ರದ್ದೇ ಬೇಕು ಅನ್ನುವ ಫ್ಲ್ಯಾಗ್ ಹಾಕಿ.

ಸ್ಟೋರ್ ಆ್ಯಪ್‌ಗಳು ಈ ಪಟ್ಟಿಗೆ ಬರುವುದಿಲ್ಲ. ಬೇಕಾದವರು ಗೆಟ್-ಆ್ಯಪ್‌ಎಕ್ಸ್‌ಪ್ಯಾಕೇಜ್ ಕಮಾಂಡ್ ಸೇರಿಸಿಕೊಳ್ಳಿ. ನಾನು ಸೇರಿಸಿಲ್ಲ. ಕ್ಯಾಲ್ಕ್ಯುಲೇಟರಿನ ಲೈಸೆನ್ಸ್ ನಮ್ಮಲ್ಲಿ ಯಾರೂ ಕೇಳುವುದಿಲ್ಲ.